ಕಾರ್ಮಿಕರ ಸಂಚಾರ ಮತ್ತು ಗೃಹ ಇಂಧನ: ಉಳಿತಾಯಕ್ಕೆ ಮುನ್ನ ಅಳತೆ

ದೊಡ್ಡಬಳ್ಳಾಪುರದ ಬಾಶೆಟ್ಟಿಹಳ್ಳಿ, ನೆಲಮಂಗಲದ ದಾಬಸ್‌ಪೇಟೆ, ಹೊಸಕೋಟೆ ಹಾಗೂ ದೇವನಹಳ್ಳಿ ವಿಮಾನ ನಿಲ್ದಾಣದ ಸುತ್ತಲಿನ ಉದ್ಯಮಗಳಿಗೆ ಪ್ರತಿದಿನ ಬಂದುಹೋಗುವ ಕಾರ್ಮಿಕರ ಸಂಚಾರವೂ, ಅವರ ಮನೆಗಳಲ್ಲಿ ವ್ಯಯವಾಗುವ ಇಂಧನವೂ ನಮ್ಮ ಲೆಕ್ಕಪುಸ್ತಕಗಳಲ್ಲಿ ನೇರವಾಗಿ ಗೋಚರಿಸುವುದಿಲ್ಲ. ಪೆಟ್ರೋಲಿನ ಬೆಲೆ ಏರಿದಾಗ ಭತ್ಯೆಯ ಬೇಡಿಕೆಯಾಗಿಯೂ, ಬಸ್ಸು ತಪ್ಪಿದ ದಿನ ಪಾಳಿಯ ಆರಂಭದಲ್ಲಿ ಆಳಿಲ್ಲದೆ ನಿಂತ ಯಂತ್ರವಾಗಿಯೂ ಅವು ಕಾಣಿಸಿಕೊಳ್ಳುತ್ತವೆ. ಇವೆರಡರಲ್ಲಿಯೂ ಮಿತವ್ಯಯ ಸಾಧ್ಯ. ಆದರೆ ಎಲ್ಲಿ ಎಷ್ಟು ವ್ಯಯವಾಗುತ್ತಿದೆ ಎಂಬುದನ್ನು ಅಳೆಯದೆ ಕೈಗೊಂಡ ಕ್ರಮಗಳು ಬಹುಮಟ್ಟಿಗೆ ಭಿತ್ತಿಪತ್ರಗಳಲ್ಲಿಯೇ ಉಳಿಯುತ್ತವೆ. ಅಳತೆಯ ಸಾಧನಗಳು ದುಬಾರಿಯಲ್ಲವೆಂಬುದನ್ನು ತಿಳಿಸುವುದು ಈ ಲೇಖನದ ಉದ್ದೇಶ.

ಇದಕ್ಕೆ ಉತ್ತಮ ನಿದರ್ಶನ ನಮ್ಮ ನೆರೆಯಲ್ಲಿಯೇ ಇದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಅಮೂಲ್ಯ ರೆಡ್ಡಿಯವರ ನೇತೃತ್ವದಲ್ಲಿ 1974ರಲ್ಲಿ ಆರಂಭವಾದ 'ಅಸ್ತ್ರ' ಕೇಂದ್ರವು, ನೆಲಮಂಗಲದಿಂದ ಹಾಸನದ ಹೆದ್ದಾರಿಯಲ್ಲಿ ಮುಂದೆ ಸಿಗುವ ಕುಣಿಗಲ್ ತಾಲ್ಲೂಕಿನ ಉಂಗ್ರ ಪ್ರದೇಶದ ಆರು ಹಳ್ಳಿಗಳಲ್ಲಿ ಮನೆಮನೆಯ ಇಂಧನ ಸಮೀಕ್ಷೆ ನಡೆಸಿ, 1982ರಲ್ಲಿ ಅದರ ಫಲಿತಾಂಶ ಪ್ರಕಟಿಸಿತು. ಸೀಮೆಎಣ್ಣೆ, ವಿದ್ಯುತ್ತುಗಳ ಜೊತೆಗೆ ಸೌದೆಯನ್ನೂ, ಮನುಷ್ಯರ ಹಾಗೂ ಎತ್ತುಗಳ ದುಡಿಮೆಯನ್ನೂ ಲೆಕ್ಕಕ್ಕೆ ತೆಗೆದುಕೊಂಡದ್ದು ಅದರ ವಿಶೇಷ. ಸೌದೆ ತರಲು, ನೀರು ಹೊರಲು ನಡೆಯುವ ದೂರ ಮತ್ತು ಹಿಡಿಯುವ ಹೊತ್ತನ್ನು ಸಹ ಅಲ್ಲಿ ದಾಖಲಿಸಲಾಯಿತು. ಸಂಚಾರವೂ ಗೃಹ ಇಂಧನವೂ ಒಂದೇ ಲೆಕ್ಕದಲ್ಲಿ ಸೇರಿದ್ದು ಹೀಗೆ. ಆ ಹಳ್ಳಿಗಳ ಇಂಧನದಲ್ಲಿ ಅತಿ ದೊಡ್ಡ ಪಾಲು ಸೌದೆಯದು, ಅದರಲ್ಲಿಯೂ ಅಡುಗೆಯದು ಎಂದು ಕಂಡುಬಂದಿತು. ಮುಂದೆ ಮನೆಮಾತಾದ 'ಅಸ್ತ್ರ ಒಲೆ'ಯ ಹಿಂದೆ ಇದ್ದುದು ಈ ತಿಳಿವಳಿಕೆಯೇ.

ಇಂದು ನಮ್ಮ ಜಿಲ್ಲೆಯಲ್ಲಿ ಅತಿ ಸುಲಭವಾಗಿ ದೊರೆಯುವ ಸಾಧನವೆಂದರೆ ವಿದ್ಯುತ್ ಬಿಲ್ಲು. 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯಿಂದ ಅನೇಕ ಮನೆಗಳ ಬಿಲ್ಲು ಶೂನ್ಯವಾಗಿದ್ದು, ಅದನ್ನು ಓದುವ ರೂಢಿಯೂ ಕಡಿಮೆಯಾಗಿದೆ. ಹಣ ಶೂನ್ಯವಾದರೂ ಯೂನಿಟ್ಟುಗಳ ಸಂಖ್ಯೆ ಅದರಲ್ಲಿ ಮುದ್ರಿತವಾಗಿಯೇ ಇರುತ್ತದೆ. ಯೋಜನೆಯ ಮಿತಿಯನ್ನು ಮೂಲತಃ ನಿಗದಿಪಡಿಸಿದ್ದು 2022-23ರ ಸರಾಸರಿ ಬಳಕೆಗೆ ಶೇ. 10 ಸೇರಿಸಿ, ಗರಿಷ್ಠ 200 ಯೂನಿಟ್‌ಗಳವರೆಗೆ. ಆದುದರಿಂದ ಆ ಸರಾಸರಿಯೇ ಹೋಲಿಕೆಗೆ ಸಿದ್ಧವಾಗಿರುವ ಆಧಾರ ಸಂಖ್ಯೆ. ಸಂಶೋಧಕರು ಹಣ ತೆತ್ತು ಪಡೆಯಬೇಕಾದ ಮಾಹಿತಿ ಇಲ್ಲಿ ಪ್ರತಿ ಮನೆಯಲ್ಲಿಯೂ ಉಚಿತವಾಗಿ ಇದೆ!

ಬಳಕೆ ಎಲ್ಲಿ ಹೋಗುತ್ತದೆಂದು ಅರಿಯಲು ಒಂದು ಹಾಳೆ ಸಾಕು. 60 ವ್ಯಾಟ್ ಬಲ್ಬನ್ನು ಪ್ರತಿದಿನ 5 ಗಂಟೆ ಉರಿಸಿದರೆ ತಿಂಗಳಿಗೆ 9 ಯೂನಿಟ್. 9 ವ್ಯಾಟ್ ಎಲ್‌ಇಡಿಗೆ ಒಂದೂವರೆ ಯೂನಿಟ್‌ಗೂ ಕಡಿಮೆ. 75 ವ್ಯಾಟ್ ಫ್ಯಾನು 12 ಗಂಟೆ ತಿರುಗಿದರೆ 27 ಯೂನಿಟ್. 30 ವ್ಯಾಟಿನ ಹೊಸ ಮಾದರಿಯದಾದರೆ ಸುಮಾರು 11. ಆದರೆ 2 ಕಿಲೋವ್ಯಾಟ್ ಗೀಜರು ದಿನಕ್ಕೆ ಒಂದೇ ಗಂಟೆ ಉರಿದರೂ 60 ಯೂನಿಟ್. ದೀಪ ಆರಿಸಿರೆಂದು ಮಕ್ಕಳನ್ನು ಗದರುವ ಮನೆಯಲ್ಲಿ ಗೀಜರಿನ ಗುಂಡಿಯತ್ತ ಯಾರ ಗಮನವೂ ಇರುವುದಿಲ್ಲ.

ದೊಡ್ಡಬಳ್ಳಾಪುರದ ನೇಕಾರ ಕುಟುಂಬಗಳದು ಬೇರೆಯೇ ಪ್ರಶ್ನೆ. ಮನೆಯೊಳಗೇ ವಿದ್ಯುತ್ ಮಗ್ಗವಿರುವಲ್ಲಿ ಮಗ್ಗದ ಮತ್ತು ಮನೆಯ ಮೀಟರುಗಳು ಪ್ರತ್ಯೇಕವಾಗಿರದಿದ್ದರೆ ಉಳಿತಾಯ ಎಲ್ಲಿ ಆಯಿತೆಂದು ಹೇಳಲಾಗದು. ಕೆಲಸ ಕಡಿಮೆಯಾದ ತಿಂಗಳನ್ನು ಮಿತವ್ಯಯದ ತಿಂಗಳೆಂದು ತಪ್ಪಾಗಿ ಎಣಿಸುವ ಸಂಭವವೂ ಉಂಟು. ಸಂಚಾರದ ಅಂಕಿಅಂಶಗಳಲ್ಲಿಯೂ ಈ ಕುಟುಂಬಗಳು ಕಾಣಸಿಗುವುದಿಲ್ಲ. 2011ರ ಜನಗಣತಿಯಲ್ಲಿ ಕೆಲಸದ ಸ್ಥಳದ ದೂರ ಮತ್ತು ಪ್ರಯಾಣದ ವಿಧಾನವನ್ನು ಕೇಳಲಾಯಿತಾದರೂ, ಕೃಷಿ ಹಾಗೂ ಗೃಹ ಕೈಗಾರಿಕೆಯಲ್ಲಿ ತೊಡಗಿದವರನ್ನು ಆ ಪ್ರಶ್ನೆಯಿಂದ ಹೊರಗಿಡಲಾಗಿತ್ತು.

ಕಾರ್ಖಾನೆಗಳ ಮಟ್ಟಿಗೆ ಯೋಗ್ಯವಾದ ಸಾಧನ ಒಂದು ವಾರದ ಪ್ರಯಾಣ ದಿನಚರಿ. ಕಾರ್ಮಿಕರು ಹೊರಟ ಊರು, ಹೊರಟ ಮತ್ತು ತಲುಪಿದ ವೇಳೆ, ವಾಹನ, ಖರ್ಚು, ಬಸ್ಸು ಹತ್ತದಿದ್ದರೆ ಅದಕ್ಕೆ ಕಾರಣ – ಇಷ್ಟನ್ನು ಬರೆದುಕೊಟ್ಟರೆ ಸಾಕು. ಕೊನೆಯ ಪ್ರಶ್ನೆಯೇ ಮುಖ್ಯ. 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾದ ಬಳಿಕ ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದ ಮಹಿಳೆಯರಿಗೆ ಟಿಕೆಟ್ ಖರ್ಚಿನ ಅಡ್ಡಿಯಿಲ್ಲ. ಹಾಗಿದ್ದೂ ಮಹಿಳಾ ಕಾರ್ಮಿಕರು ಆಟೋ ಹಿಡಿಯುತ್ತಿದ್ದರೆ ತೊಡಕು ಬಸ್ಸಿನ ವೇಳೆಯಲ್ಲಿಯೋ, ನಿಲ್ದಾಣದಿಂದ ಗೇಟಿನವರೆಗಿನ ಕತ್ತಲೆಯ ದಾರಿಯಲ್ಲಿಯೋ ಇರಬೇಕು. ಪಾಳಿಯ ವೇಳೆಯನ್ನು ಕಾಲು ಗಂಟೆ ಸರಿಸುವುದು ಹೊಸ ಬಸ್ಸಿಗಿಂತ ಅಗ್ಗ.

ಲೆಕ್ಕ ಹಾಕುವಾಗ ಎಚ್ಚರವೂ ಅಗತ್ಯ. 15 ಕಿ.ಮೀ. ದೂರದಿಂದ ಸ್ಕೂಟರಿನಲ್ಲಿ ಬರುವವರಿಗೆ ತಿಂಗಳ 25 ದಿನಗಳಲ್ಲಿ 750 ಕಿ.ಮೀ. ಓಡಾಟವಾಗುತ್ತದೆ, ಲೀಟರಿಗೆ 45 ಕಿ.ಮೀ. ಎಂದರೆ ಸುಮಾರು 17 ಲೀಟರ್ ಪೆಟ್ರೋಲು. ಅಂತಹ 40 ಮಂದಿಗೆ ಸುಮಾರು 667 ಲೀಟರ್. ಅವರೆಲ್ಲರನ್ನೂ ಕರೆತರುವ ಬಸ್ಸು ಲೀಟರಿಗೆ 4 ಕಿ.ಮೀ. ಓಡಿದರೆ 188 ಲೀಟರ್ ಡೀಸೆಲ್ ಎಂದು ತೋರುತ್ತದೆ. ಆದರೆ ಅದು ಪ್ರತಿ ಸಲ ಒಂದು ದಿಕ್ಕಿನಲ್ಲಿ ಖಾಲಿ ಓಡುವುದನ್ನು ಸೇರಿಸಿದರೆ 375 ಲೀಟರ್ ಆಗುತ್ತದೆ. ಆಗಲೂ ಲಾಭವೇ ಇದೆ. ಅರ್ಧ ಆಸನಗಳು ತುಂಬದಿದ್ದರೆ ಮಾತ್ರ ಲಾಭ ಉಳಿಯದು. ಆದ್ದರಿಂದ ಬಸ್ಸಿನ ಗುತ್ತಿಗೆಗೆ ಸಹಿ ಹಾಕುವ ಮುನ್ನ ದಿನಚರಿಯ ಹಾಳೆಗಳನ್ನು ಊರುವಾರು ವಿಂಗಡಿಸುವುದು ಒಳಿತು.

ಎರಡನೆಯ ಅಳತೆಯನ್ನು ಮರುವರ್ಷ ಅದೇ ತಿಂಗಳಿನಲ್ಲಿ ಮಾಡಬೇಕು. ಏಪ್ರಿಲ್ ತಿಂಗಳ ಫ್ಯಾನಿನ ಬಳಕೆಯನ್ನು ಡಿಸೆಂಬರಿನೊಡನೆ ಹೋಲಿಸಿದರೆ ಏನನ್ನೂ ಮಾಡದೆಯೇ ಉಳಿತಾಯ ಕಂಡೀತು. ಶಾಲಾ ರಜೆಯ ವಾರದಲ್ಲಿ ಬರೆಸಿದ ಪ್ರಯಾಣ ದಿನಚರಿಯೂ ಅಷ್ಟೇ.