ಕಿವಿಗೆ ಬೀಳದ ಹಾಡು

ಮೇ ತಿಂಗಳ ಮೊದಲ ವಾರ ಬಂತೆಂದರೆ ಅಟ್ಲಾಂಟಾದ ನಮ್ಮ ಮೂರ್ನಾಲ್ಕು ಕುಟುಂಬಗಳು ಬೈನಾಕ್ಯುಲರ್ ಹೆಗಲಿಗೇರಿಸಿ, ಡಬ್ಬಿಯಲ್ಲಿ ಚಿತ್ರಾನ್ನ ತುಂಬಿಕೊಂಡು ಸ್ಮೋಕಿ ಬೆಟ್ಟಗಳಿಗೆ ಹೊರಡುವುದು ರೂಢಿ. ತೇಜಸ್ವಿಯವರ ಹಕ್ಕಿ ಪುಸ್ತಕಗಳಿಂದ ಹತ್ತಿದ ಚಟ. ಸಮುದ್ರ ದಾಟಿದರೂ ಬಿಟ್ಟಿಲ್ಲ. ಕಳೆದ ಸಲ ಹೋದಾಗ ಮಾತ್ರ ಹಕ್ಕಿಗಳಿಗಿಂತ ನಮ್ಮ ಕಿವಿಗಳ ಬಗ್ಗೆಯೇ ಹೆಚ್ಚು ತಿಳಿದುಕೊಂಡು ಬಂದೆವು.

1934ರಲ್ಲಿ ರಾಷ್ಟ್ರೀಯ ಉದ್ಯಾನವಾದ ಈ ಕಾಡು ಸುಮಾರು 875 ಅಡಿಯಿಂದ 6,643 ಅಡಿ ಎತ್ತರದವರೆಗೆ ಹಬ್ಬಿದೆ. ಬುಡಕ್ಕಿಂತ ತುದಿಯಲ್ಲಿ 10ರಿಂದ 20 ಡಿಗ್ರಿ ಫ್ಯಾರನ್‌ಹೀಟ್‌ನಷ್ಟು ಚಳಿ ಹೆಚ್ಚು. ಹಾಗಾಗಿ ವಸಂತ ಇಲ್ಲಿ ಒಂದೇ ದಿನ ಬರುವುದಿಲ್ಲ. ಕೆಳಗೆ ಎಲೆ ತುಂಬಿದ ಮೇಲೆ ನಿಧಾನವಾಗಿ ಬೆಟ್ಟ ಹತ್ತುತ್ತದೆ. ಚಳಿಗಾಲದಲ್ಲಿ ಕಣಿವೆಗೆ ಇಳಿದಿದ್ದ ಜುಂಕೊ ಹಕ್ಕಿಗಳು ಅದರ ಜೊತೆಗೇ ಮೇಲೇರುತ್ತವೆ. ಇನ್ನು ಬ್ಲ್ಯಾಕ್‌ಬರ್ನಿಯನ್ ವಾರ್ಬ್ಲರ್ ಎಂಬ ಪುಟಾಣಿ ಬರುವುದು ದಕ್ಷಿಣ ಅಮೆರಿಕದ ಆಂಡೀಸ್‌ನಿಂದ, ರಾತ್ರಿಗಳಲ್ಲಿ ಹಾರುತ್ತಾ. ತೂಕ ಹತ್ತು ಗ್ರಾಂ ಆಸುಪಾಸು.

ನಮ್ಮನ್ನು ಪೇಚಿಗೆ ಸಿಕ್ಕಿಸಿದ್ದು ಅದೇ ಹಕ್ಕಿ. ಬೆಳಗಿನ ಏಳು ಗಂಟೆ, ಮಂಜು ಇನ್ನೂ ಕರಗಿರಲಿಲ್ಲ. ಫೋನಿನಲ್ಲಿದ್ದ ಮರ್ಲಿನ್ ಆ್ಯಪ್ ಆ ಹೆಸರನ್ನು ಮತ್ತೆ ಮತ್ತೆ ತೋರಿಸುತ್ತಿತ್ತು. ನಾವು ನಾಲ್ವರು ಕಿವಿಗೊಟ್ಟು ನಿಂತೆವು, ಏನೂ ಇಲ್ಲ. ನಾಲ್ವರೂ ಸಾಫ್ಟ್‌ವೇರ್‌ನವರೇ ಆದ್ದರಿಂದ 'ಬಗ್ ಇರಬೇಕು' ಎಂದು ತೀರ್ಪು ಕೊಟ್ಟಾಯಿತು. ಆಗ ಜೊತೆಗಿದ್ದ ಹನ್ನೊಂದರ ಹುಡುಗಿ, "ಅಯ್ಯೋ ಅಂಕಲ್, ಅಷ್ಟು ಜೋರಾಗಿ ಕೂಗ್ತಿದೆ, ಕೇಳಿಸ್ತಿಲ್ವಾ?" ಎಂದು ಹೆಮ್‌ಲಾಕ್ ಮರದ ತುದಿ ತೋರಿಸಿದಳು. ಬೈನಾಕ್ಯುಲರ್ ಎತ್ತಿದರೆ, ಕೆಂಡದ ಬಣ್ಣದ ಗಂಟಲು. ಕೊಕ್ಕು ತೆರೆದು ಹಾಡುತ್ತಲೇ ಇದೆ! ನಮಗೆ ಮಾತ್ರ ಮ್ಯೂಟ್ ಮಾಡಿದ ಟಿವಿ.

ಕಾರಣ ಸರಳ. ಒಳಕಿವಿಯ ಕಾಕ್ಲಿಯಾ ಶಂಖದಂತೆ ಸುತ್ತಿಕೊಂಡ ಒಂದು ಕೊಳವೆ. ತೀರ ಕೀರಲು ಧ್ವನಿಗಳನ್ನು ಹಿಡಿಯುವ ರೋಮಕೋಶಗಳು ಅದರ ಬಾಗಿಲಲ್ಲೇ ಇವೆ. ವಯಸ್ಸಾದಂತೆ ಮೊದಲು ಸವೆಯುವುದೂ ಅವೇ. ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಈ ಹಕ್ಕಿಯ ಹಾಡಿನ ಕೊನೆಯ ಎಳೆತ 8 ಕಿಲೋಹರ್ಟ್ಜ್ ದಾಟುತ್ತದೆ. ಹಳೆಯ ದೂರವಾಣಿಯಲ್ಲಿ ಸುಮಾರು 3.4 ಕಿಲೋಹರ್ಟ್ಜ್‌ವರೆಗಿನ ಧ್ವನಿ ಮಾತ್ರ ಬರುತ್ತಿತ್ತು; ಆದರೂ ಊರಿನ ಅಮ್ಮನ ದನಿ ಗುರುತು ಸಿಗುತ್ತಿತ್ತಲ್ಲ! ಮಾತುಕತೆಗೆ ತೊಂದರೆಯಾಗುವವರೆಗೆ ಕಿವಿಯ ನಷ್ಟ ನಮಗೆ ತಿಳಿಯದಿರುವುದು ಹೀಗೆ.

ಆ್ಯಪ್‌ಗೆ ಈ ಕಾಟವಿಲ್ಲ. 2021ರಲ್ಲಿ ಅದಕ್ಕೆ ಸೇರಿದ ಧ್ವನಿ ಗುರುತಿಸುವ ಸೌಲಭ್ಯ, ಶಬ್ದವನ್ನು ಮೊದಲು ಚಿತ್ರವಾಗಿ ಬಿಡಿಸುತ್ತದೆ, ಅಡ್ಡಕ್ಕೆ ಕಾಲ, ಉದ್ದಕ್ಕೆ ಆವರ್ತನ. ಆಮೇಲೆ ಮುಖ ಗುರುತಿಸುವಂತೆ ಆ ಚಿತ್ರವನ್ನು ಗುರುತಿಸುತ್ತದೆ. ಎಡವುವುದೂ ಉಂಟು; ಆದ್ದರಿಂದ ಕಣ್ಣಾರೆ ನೋಡಿ ಖಚಿತಪಡಿಸಿಕೊಳ್ಳುವುದು ಲೇಸು.

ವಾಪಸು ಬರುವಾಗ ಕಾರಿನಲ್ಲಿ ಮಾತು ಕಡಿಮೆಯಿತ್ತು. 1970ಕ್ಕೆ ಹೋಲಿಸಿದರೆ ಅಮೆರಿಕ, ಕೆನಡಾಗಳಲ್ಲಿ ಸುಮಾರು 300 ಕೋಟಿ ಹಕ್ಕಿಗಳು ಕಡಿಮೆಯಾಗಿವೆ ಎಂದು 2019ರ ಅಧ್ಯಯನವೊಂದು ಲೆಕ್ಕ ಹಾಕಿತು. ಏಷ್ಯಾ ಮೂಲದ ಅಡೆಲ್ಜಿಡ್ ಕೀಟ 2002ರಲ್ಲಿ ಈ ಉದ್ಯಾನದಲ್ಲಿ ಕಾಣಿಸಿಕೊಂಡಿತು. ಅದು ರಸ ಹೀರಿ ಕೊಂದ ಹೆಮ್‌ಲಾಕ್‌ಗಳು ದಾರಿಯುದ್ದಕ್ಕೂ ಬಿಳಿ ಅಸ್ಥಿಪಂಜರಗಳಂತೆ ನಿಂತಿವೆ. ಹಾಗಾದರೆ ಮುಂದೊಂದು ವಸಂತದಲ್ಲಿ ಕಾಡು ಮೌನವೆನಿಸಿದರೆ, ಬರಿದಾದದ್ದು ಕಾಡೋ, ನಮ್ಮ ಕಿವಿಯೋ? ನಾವೇ ಹೇಳುವಂತಿಲ್ಲ. ಹೇಳಬಲ್ಲವರು ಹಿಂದಿನ ಸೀಟಿನಲ್ಲಿ ನಿದ್ದೆ ಹೋಗಿದ್ದರು.

ಆದ್ದರಿಂದ ಬಳಗದವರಲ್ಲಿ ಎರಡೇ ಬಿನ್ನಹ. ನಲವತ್ತು ದಾಟಿದವರು ಒಮ್ಮೆ ಕಿವಿ ಪರೀಕ್ಷೆ ಮಾಡಿಸಿಕೊಳ್ಳಿ. ಕಾಡಿಗೆ ಹೋಗುವಾಗ, ಎಷ್ಟೇ ಗೊಣಗಲಿ, ಮಕ್ಕಳನ್ನು ಎಬ್ಬಿಸಿ ಕರೆದುಕೊಂಡು ಹೋಗಿ. ನಮಗೆ ಕೇಳದ ಹಾಡು ಅವರಿಗಾದರೂ ನೆನಪಿರಲಿ.