ಕೊಟ್ರೇಶ ಯಾರು, ಹರಪನಹಳ್ಳಿ ಎಲ್ಲಿ? – ಮಾಹಿತಿ ವ್ಯವಸ್ಥೆಯ ಮೊದಲ ಪಾಠ



ವಾಣಿಜ್ಯ ಹಾಗೂ ವ್ಯವಹಾರ ನಿರ್ವಹಣೆಯ ತರಗತಿಗಳಲ್ಲಿ ‘ಮಾಹಿತಿ ವ್ಯವಸ್ಥೆ’ ಎಂಬ ಪಾಠ ಬಂದೊಡನೆ ಹೆಚ್ಚಿನವರ ಕಣ್ಣ ಮುಂದೆ ಬರುವುದು ಗಣಕಯಂತ್ರ. ಅದನ್ನು ಸ್ವಲ್ಪ ಹೊತ್ತು ಬದಿಗಿಡೋಣ. ಕೊಟ್ಟೂರಿನಲ್ಲಿ ಶೇಂಗಾ ವ್ಯಾಪಾರದ ಒಂದು ದಲ್ಲಾಳಿ ಅಂಗಡಿ ಇದೆಯೆಂದು ಕಲ್ಪಿಸಿಕೊಳ್ಳಿ. ಹಳೆಯ ಪದ್ಧತಿಯ ಅಂಗಡಿ; ಗದ್ದುಗೆಯ ಮೇಲೆ ಎರಡು ಪುಸ್ತಕಗಳು. ಅಂದಂದಿನ ವ್ಯವಹಾರವನ್ನು ನಡೆದ ಕ್ರಮದಲ್ಲಿಯೇ ಬರೆಯುವ ಪುಸ್ತಕ ಕಿರ್ದಿ. ಅದರಿಂದ ತೆಗೆದು ಒಬ್ಬೊಬ್ಬ ರೈತನ ಹೆಸರಿನ ಪುಟಕ್ಕೆ ಏರಿಸುವ ಪುಸ್ತಕ ಖಾತೆ.

ಕಿರ್ದಿಯಲ್ಲಿ ‘12 ಚೀಲ ಬಂತು, 5,000 ರೂಪಾಯಿ ಕೊಟ್ಟೆ’ ಎಂದಿದ್ದರೆ ಅದು ದತ್ತಾಂಶ. ಖಾತೆಯ ಪುಟ ತೆರೆದು ‘ಈ ರೈತನಿಗೆ ಇನ್ನೂ ಇಷ್ಟು ಕೊಡಬೇಕು’ ಎಂದು ಸಾಹುಕಾರರು ತಿಳಿದುಕೊಂಡರೆ ಅದು ಮಾಹಿತಿ. ಆ ಮಾಹಿತಿಯ ಮೇಲೆ ‘ಬಿತ್ತನೆಗೆ ಮುಂಗಡ ಕೊಡೋಣ’ ಎಂದುಕೊಂಡರೆ ಅದು ನಿರ್ಧಾರ. ಬರೆಯುವ ಗುಮಾಸ್ತ, ಬರೆಯುವ ಕ್ರಮ, ಪುಸ್ತಕ, ನಿರ್ಧರಿಸುವ ಯಜಮಾನ – ಇವೆಲ್ಲ ಸೇರಿದ್ದೇ ಮಾಹಿತಿ ವ್ಯವಸ್ಥೆ. ವಿದ್ಯುತ್ ಬರುವುದಕ್ಕೆ ಮುಂಚೆಯೂ ಅದು ನಮ್ಮ ಪೇಟೆಗಳಲ್ಲಿತ್ತು.

ಇನ್ನು ತೊಡಕಿಗೆ ಬರೋಣ. ಕೊಟ್ಟೂರೇಶ್ವರನ ಮೇಲಿನ ಭಕ್ತಿಯಿಂದ ಈ ಸೀಮೆಯಲ್ಲಿ ಮಕ್ಕಳಿಗೆ ಕೊಟ್ರೇಶ, ಕೊಟ್ರಪ್ಪ, ಕೊಟ್ರಮ್ಮ ಎಂದು ಹೆಸರಿಡುವುದು ವಾಡಿಕೆ. ಒಂದೇ ಊರಿನಿಂದ ನಾಲ್ವರು ಕೊಟ್ರೇಶಪ್ಪನವರು ಕಾಳು ತಂದರೆ, ಕಿರ್ದಿಯ ಬಾಬತ್ತನ್ನು ಯಾರ ಪುಟಕ್ಕೆ ಏರಿಸುವುದು? ಜಾಣ ಗುಮಾಸ್ತ ತಂದೆಯ ಹೆಸರನ್ನೋ ಮನೆತನದ ಹೆಸರನ್ನೋ ಸೇರಿಸುತ್ತಾನೆ. ಅದೂ ಒಂದಾದರೆ ಪುಟಕ್ಕೊಂದು ಸಂಖ್ಯೆ ಕೊಡುತ್ತಾನೆ. ಗಣಕಶಾಸ್ತ್ರದಲ್ಲಿ ಆ ಸಂಖ್ಯೆಗೆ ಪ್ರೈಮರಿ ಕೀ ಎನ್ನುತ್ತಾರೆ. ನಾವು ಗುರುತು ಸಂಖ್ಯೆ ಎನ್ನೋಣ. ಅದು ಒಬ್ಬರಿಗೆ ಒಂದೇ ಇರಬೇಕು, ಇಬ್ಬರಿಗೆ ಸೇರಬಾರದು, ಮತ್ತು ಬದಲಾಗಬಾರದು. ಮೊದಲೆರಡು ಗುಣಗಳನ್ನು ಎಲ್ಲರೂ ಪರೀಕ್ಷೆಯಲ್ಲಿ ಬರೆಯುತ್ತಾರೆ. ಮೂರನೆಯದು ಮರೆತುಹೋಗುತ್ತದೆ. ಅದನ್ನು ಕಲಿಯಲು ಹರಪನಹಳ್ಳಿಗಿಂತ ಒಳ್ಳೆಯ ಉದಾಹರಣೆ ನನಗೆ ಕಂಡಿಲ್ಲ.

ಹರಪನಹಳ್ಳಿ ತಾಲ್ಲೂಕು ಬಳ್ಳಾರಿ ಜಿಲ್ಲೆಯಲ್ಲಿತ್ತು. 1997ರಲ್ಲಿ ದಾವಣಗೆರೆ ಜಿಲ್ಲೆ ರಚನೆಯಾದಾಗ ಅದಕ್ಕೆ ಸೇರಿತು. 2018ರಲ್ಲಿ ಅದನ್ನು ಮರಳಿ ಬಳ್ಳಾರಿಗೆ ಸೇರಿಸುವ ತೀರ್ಮಾನವಾಯಿತು. 2021ರಲ್ಲಿ ವಿಜಯನಗರ ಜಿಲ್ಲೆ ಹುಟ್ಟಿದಾಗ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹೊಸಪೇಟೆಗಳ ಜೊತೆಗೆ ಅಲ್ಲಿಗೆ ಹೋಯಿತು. ಊರು ಇದ್ದಲ್ಲೇ ಇದೆ. ಜಿಲ್ಲೆ ಮೂರು ಸಲ ಬದಲಾಯಿತು.

ಈಗ ಎರಡು ಸಂಖ್ಯೆಗಳನ್ನು ಹೋಲಿಸಿ ನೋಡಿ. ವಾಹನಗಳ ನೋಂದಣಿಯಲ್ಲಿ ಬಳ್ಳಾರಿಗೆ ಕೆಎ-34, ದಾವಣಗೆರೆಗೆ ಕೆಎ-17, ಹೊಸಪೇಟೆಗೆ ಕೆಎ-35. ಹರಪನಹಳ್ಳಿಯ ಬೀದಿಯಲ್ಲಿ ಇಂದು ಕೆಎ-17 ಫಲಕದ ಬೈಕ್ ಕಂಡರೆ, ಆ ಫಲಕ ಸುಳ್ಳಲ್ಲ. ನೋಂದಣಿಯಾದ ದಿನದ ಸತ್ಯವನ್ನು ಅದು ಹೇಳುತ್ತದೆ. ಅದನ್ನು ನೋಡಿ ‘ಮಾಲೀಕ ದಾವಣಗೆರೆ ಜಿಲ್ಲೆಯವನು’ ಎಂದು ತೀರ್ಮಾನಿಸಿದರೆ ತಪ್ಪು ನಮ್ಮದು. ಅಂಚೆಯ ಪಿನ್‌ಕೋಡ್ ಹಾಗಲ್ಲ. ಹರಪನಹಳ್ಳಿಯದು 583131. ದಾವಣಗೆರೆ ನಗರದ ಪಿನ್‌ಕೋಡ್ 577ರಿಂದ ಆರಂಭವಾಗುತ್ತದೆ. ಆದರೂ ಆ ಜಿಲ್ಲೆಯಲ್ಲಿದ್ದ ಎರಡು ದಶಕಗಳ ಕಾಲ ಹರಪನಹಳ್ಳಿ ತನ್ನ 583ನ್ನು ಬಿಡಲಿಲ್ಲ. ಅಂಚೆ ಇಲಾಖೆಗೆ ಬೇಕಾದದ್ದು ಕಾಗದ ಸಾಗುವ ದಾರಿ, ಜಿಲ್ಲಾಧಿಕಾರಿಯ ಕಚೇರಿಯಲ್ಲ.

ಹೆಸರುಗಳ ಗೋಜಲು ಇನ್ನೊಂದು. ಹಡಗಲಿ, ಹೂವಿನಹಡಗಲಿ ಎರಡೂ ಒಂದೇ ಊರು. ಹಗರಿಬೊಮ್ಮನಹಳ್ಳಿಯನ್ನು ಎಚ್.ಬಿ. ಹಳ್ಳಿ ಎಂದೂ ಬರೆಯುತ್ತಾರೆ. ಬಳ್ಳಾರಿಯ ಇಂಗ್ಲಿಷ್ ಕಾಗುಣಿತವಂತೂ 2014ರ ನವೆಂಬರ್ 1ರಂದು ಅಧಿಕೃತವಾಗಿ ಬದಲಾಯಿತು. ಯಂತ್ರಕ್ಕೆ ಒಂದಕ್ಷರ ಬೇರೆಯಾದರೆ ಊರೇ ಬೇರೆ. ಆದುದರಿಂದಲೇ ಪ್ರತಿ ಜಿಲ್ಲೆ, ತಾಲ್ಲೂಕು, ಗ್ರಾಮಕ್ಕೆ ಒಂದು ಸಂಕೇತ ಸಂಖ್ಯೆ ಕೊಡುವ ‘ಲೋಕಲ್ ಗವರ್ನ್‌ಮೆಂಟ್ ಡೈರೆಕ್ಟರಿ’ಯನ್ನು ಕೇಂದ್ರದ ಪಂಚಾಯತ್ ರಾಜ್ ಸಚಿವಾಲಯ ನಡೆಸುತ್ತಿದೆ.

ಇಷ್ಟು ಚಿಕ್ಕ ವಿಷಯಕ್ಕೆ ಇಷ್ಟು ಮಾತೇಕೆ ಎನ್ನಬೇಡಿ. ಸಂವಿಧಾನದ 98ನೇ ತಿದ್ದುಪಡಿಯಿಂದ ಬಂದ 371(ಜೆ) ವಿಧಿ, ಇಂದು ಕಲ್ಯಾಣ ಕರ್ನಾಟಕ ಎನ್ನಿಸಿಕೊಂಡಿರುವ ಪ್ರದೇಶದ ಸ್ಥಳೀಯರಿಗೆ ಶಿಕ್ಷಣ ಮತ್ತು ಉದ್ಯೋಗದಲ್ಲಿ ಮೀಸಲಾತಿಗೆ ದಾರಿ ಮಾಡಿತು. ಆ ಪಟ್ಟಿಯಲ್ಲಿ ಬಳ್ಳಾರಿ ಇತ್ತು, ದಾವಣಗೆರೆ ಇರಲಿಲ್ಲ. ಪಕ್ಕದ ಹಡಗಲಿಯ ಹುಡುಗಿಗೆ ದೊರೆತ ಅವಕಾಶ ಹರಪನಹಳ್ಳಿಯ ಹುಡುಗಿಗೆ ದೊರೆಯಲಿಲ್ಲ. ತಾಲ್ಲೂಕನ್ನು ಬಳ್ಳಾರಿಗೆ ಮರಳಿ ಸೇರಿಸಬೇಕೆಂಬ ಹೋರಾಟದ ಹಿಂದೆ ಇದ್ದ ದೊಡ್ಡ ಕಾರಣ ಇದೇ. ಅರ್ಜಿಯ ‘ಜಿಲ್ಲೆ’ ಎಂಬ ಒಂದು ಅಂಕಣದ ಮೇಲೆ ಇಂಜಿನಿಯರಿಂಗ್ ಸೀಟು ನಿಂತಿರುತ್ತದೆ.

ಹಾಗಾದರೆ ಈ ಅಂಕಣವನ್ನು ಹೇಗೆ ಜೋಡಿಸಬೇಕು? ವಿದ್ಯಾರ್ಥಿಯ ದಾಖಲೆಯಲ್ಲಿ ಗ್ರಾಮದ ಸಂಖ್ಯೆಯನ್ನಷ್ಟೇ ಇಡಬೇಕು. ಆ ಗ್ರಾಮ ಯಾವ ತಾಲ್ಲೂಕು, ಆ ತಾಲ್ಲೂಕು ಯಾವ ಜಿಲ್ಲೆ ಎಂಬುದನ್ನು ಬೇರೊಂದು ಪಟ್ಟಿಯಲ್ಲಿ, ‘ಇಂದಿನಿಂದ ಇಂದಿನವರೆಗೆ’ ಎಂಬ ದಿನಾಂಕಗಳ ಸಮೇತ ಇಡಬೇಕು. ಜಿಲ್ಲೆ ಬದಲಾದರೆ ಆ ಪಟ್ಟಿಗೆ ಒಂದು ಸಾಲು ಸೇರುತ್ತದೆ. ಲಕ್ಷಾಂತರ ಜನರ ದಾಖಲೆ ತಿದ್ದುವ ಕೆಲಸವಿರುವುದಿಲ್ಲ. ಹಳೆಯ ಸಾಲನ್ನು ಅಳಿಸಲೂಬಾರದು, ಏಕೆಂದರೆ 2015ರ ಪ್ರಮಾಣಪತ್ರವನ್ನು ಪರಿಶೀಲಿಸುವವನಿಗೆ 2015ರ ಜಿಲ್ಲೆ ಬೇಕು.

ಪಟ್ಟಿ ಸರಿಯಾದರೆ ಸಾಲದು, ಅದರ ಸುತ್ತಲಿನ ಕ್ರಮವೂ ಸರಿಯಿರಬೇಕು. ಇದಕ್ಕೆ ನಮ್ಮ ರಾಜ್ಯದ ‘ಭೂಮಿ’ ಯೋಜನೆಯನ್ನು ನೋಡಿ. ಹಿಂದೆ ಪಹಣಿಯನ್ನು ಸುಮಾರು 9,000 ಗ್ರಾಮ ಲೆಕ್ಕಿಗರು ಕೈಯಲ್ಲಿ ಬರೆದಿಡುತ್ತಿದ್ದರು. ಪುಸ್ತಕ ಅವರ ಬಳಿ. ಅವರು ಸಿಕ್ಕಾಗ ಪಹಣಿ. ಈ ಶತಮಾನದ ಆರಂಭದ ಹೊತ್ತಿಗೆ ಸುಮಾರು 2 ಕೋಟಿ ದಾಖಲೆಗಳು ಗಣಕಯಂತ್ರಕ್ಕೆ ಏರಿದವು. ತಾಲ್ಲೂಕು ಕಚೇರಿಯ ಕಿಂಡಿಯಲ್ಲಿ 15 ರೂಪಾಯಿಗೆ ಪ್ರತಿ ಸಿಗತೊಡಗಿತು. ನನ್ನ ದೃಷ್ಟಿಯಲ್ಲಿ ಯಂತ್ರಕ್ಕಿಂತ ಮುಖ್ಯವಾದವು ಮೂರು ಕಟ್ಟಳೆಗಳು. ಕೈಬರಹದ ಪಹಣಿಗೆ ಇನ್ನು ಬೆಲೆಯಿಲ್ಲ. ಖಾತೆ ಬದಲಾವಣೆಯ ಅರ್ಜಿಗಳು ಬಂದ ಸರದಿಯಲ್ಲೇ ಮುಂದೆ ಹೋಗಬೇಕು. ದಾಖಲೆ ತಿದ್ದುವ ಅಧಿಕಾರಿ ಬೆರಳಚ್ಚು ಕೊಟ್ಟೇ ಒಳಹೋಗಬೇಕು, ಅಂದರೆ ‘ನಾನು ಮಾಡಿಲ್ಲ’ ಎನ್ನುವಂತಿಲ್ಲ. ಎರಡು ಪುಸ್ತಕ ಇಟ್ಟುಕೊಂಡು ಒಂದನ್ನು ಮಾತ್ರ ನಂಬುವ ಅಂಗಡಿ ಉದ್ಧಾರವಾಗುವುದಿಲ್ಲವೆಂಬುದನ್ನು ಯೋಜನೆ ರೂಪಿಸಿದವರು ತಿಳಿದಿದ್ದರು.

ಆದರೂ ಯಂತ್ರ ತಾನಾಗಿ ಸತ್ಯವನ್ನು ಹುಡುಕಿಕೊಂಡು ಬರುವುದಿಲ್ಲ. ಅಜ್ಜ ತೀರಿಕೊಂಡ ಮೇಲೂ ಪೌತಿ ಖಾತೆ ಮಾಡಿಸದಿದ್ದರೆ ಪಹಣಿಯಲ್ಲಿ ಅಜ್ಜನ ಹೆಸರೇ ಅಚ್ಚಾಗಿ ಬರುತ್ತದೆ, ಬಹಳ ಅಂದವಾಗಿ. ಬೆಳೆ ಸಾಲಕ್ಕೆ ಹೋದ ಮೊಮ್ಮಗ ಬ್ಯಾಂಕಿನಿಂದ ಹಿಂದಿರುಗುತ್ತಾನೆ. ಬರ ಪರಿಹಾರದ ಹಣಕ್ಕೂ ಅದೇ ಅಡ್ಡಿ.

ಕೊಟ್ಟೂರು ಸುತ್ತಲಿನವರಿಗೆ ಒಂದು ಅಭ್ಯಾಸ. ನಿಮ್ಮ ಮನೆಯ ಪೆಟ್ಟಿಗೆಯಲ್ಲಿ 2018ಕ್ಕೆ ಹಿಂದಿನ ಪಹಣಿ ಇದ್ದರೆ ತೆಗೆಯಿರಿ. ತಾಲ್ಲೂಕು ಕೂಡ್ಲಿಗಿ, ಜಿಲ್ಲೆ ಬಳ್ಳಾರಿ ಎಂದಿರುತ್ತದೆ. ಈಗಿನದರಲ್ಲಿ ತಾಲ್ಲೂಕು ಕೊಟ್ಟೂರು, ಜಿಲ್ಲೆ ವಿಜಯನಗರ. ಎರಡನ್ನೂ ಪಕ್ಕ ಪಕ್ಕ ಇಟ್ಟು ಗ್ರಾಮ, ಸರ್ವೆ ನಂಬರು, ಹಿಸ್ಸೆ, ಖಾತೆ ನಂಬರು, ಖಾತೆದಾರರ ಹೆಸರು ಇವುಗಳಲ್ಲಿ ಯಾವುದು ಬದಲಾಗಿದೆ, ಯಾವುದು ಹಾಗೇ ಇದೆ ಎಂದು ಗುರುತು ಹಾಕಿಕೊಳ್ಳಿ. ಹೆಸರು ಅಜ್ಜನದೇ ಆಗಿದ್ದರೆ ಮನೆಯಲ್ಲಿ ಹಿರಿಯರಿಗೆ ತಿಳಿಸಿ.