ಗುಪ್ತರೋಗವೂ ಗುಪ್ತಚಿಂತೆಯೂ

ಇಂಥ ವಿಷಯವನ್ನು ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಬರೆಯಬಹುದೇ ಎಂದು ಕೆಲವರು ಹುಬ್ಬು ಗಂಟಿಕ್ಕಬಹುದು. ಆದರೆ ಲೈಂಗಿಕ ಸಂಪರ್ಕದಿಂದ ಹರಡುವ ಬೇನೆಗಳಿಗೆ 'ಗುಪ್ತರೋಗ'ವೆಂದು ಹೆಸರಿಟ್ಟು ನಾವು ಬಾಯಿ ಮುಚ್ಚಿಕೊಂಡಿರುವುದರಿಂದಲೇ, ರೋಗವಿಲ್ಲದವರೂ ಅದರ ಭಯದಿಂದ ನರಳುತ್ತಿದ್ದಾರೆ. ಆದುದರಿಂದ ರೋಗವನ್ನೂ ಭಯವನ್ನೂ ಬೇರೆ ಬೇರೆಯಾಗಿ ವಿಚಾರಿಸುವುದು ಅವಶ್ಯವೆಂದು ನನ್ನ ಭಾವನೆ.

ಮೊದಲು ರೋಗದ ಮಾತು. 16ನೆಯ ಶತಮಾನದ 'ಭಾವಪ್ರಕಾಶ'ವು ಫಿರಂಗರೋಗವೆಂದು ಕರೆದ ಸಿಫಿಲಿಸ್, ಒಂದು ಕಾಲಕ್ಕೆ ಎಷ್ಟೋ ಜನರ ಬುದ್ಧಿಯನ್ನು ಕೆಡಿಸಿ ಕೊಲ್ಲುತ್ತಿತ್ತು. 1943ರಲ್ಲಿ ಪೆನಿಸಿಲಿನ್ ಅದನ್ನು ಗುಣಪಡಿಸುವುದೆಂದು ಕಂಡುಬಂದಿತು. ಗೊನೋರಿಯ, ಕ್ಲಮೀಡಿಯಗಳಿಗೂ ಔಷಧವುಂಟು. ಎಚ್‌ಐವಿ ಪೂರ್ಣವಾಗಿ ಗುಣವಾಗದಿದ್ದರೂ, ತಪ್ಪದೆ ಮಾತ್ರೆ ಸೇವಿಸುವವರು ದೀರ್ಘಕಾಲ ಆರೋಗ್ಯದಿಂದ ಬಾಳಬಲ್ಲರು. ಒಂದೇ ತಟ್ಟೆಯಲ್ಲಿ ಉಣ್ಣುವುದರಿಂದಾಗಲಿ ಸೊಳ್ಳೆ ಕಚ್ಚುವುದರಿಂದಾಗಲಿ ಅದು ಬಾರದು. ಈ ರೋಗಗಳು ಅನೇಕ ವೇಳೆ ಯಾವ ಲಕ್ಷಣವನ್ನೂ ತೋರುವುದಿಲ್ಲ. ಆದುದರಿಂದ ಇದೆಯೋ ಇಲ್ಲವೋ ಎಂಬುದನ್ನು ಪರೀಕ್ಷೆ ಹೇಳಬೇಕೇ ಹೊರತು ನಮ್ಮ ಊಹೆಯಲ್ಲ.

ಇನ್ನು ಭಯದ ಮಾತು. ನಾನು ಬಲ್ಲ ವಿದ್ಯಾರ್ಥಿಯೊಬ್ಬನು ಈ ಶಂಕೆಯಿಂದ ತಿಂಗಳುಗಟ್ಟಲೆ ನಿದ್ದೆಗೆಟ್ಟನು. ಕಾಲೇಜಿನ ಪರೀಕ್ಷೆಗೂ ಕೂರಲಿಲ್ಲ, ಆಸ್ಪತ್ರೆಯ ಪರೀಕ್ಷೆಗೂ ಹೋಗಲಿಲ್ಲ. ದಿಗಿಲಾದಾಗ ಎದೆ ಬಡಿದುಕೊಳ್ಳುವುದು, ಬೆವರುವುದು, ಪದೇ ಪದೇ ಮೂತ್ರಕ್ಕೆ ಹೋಗಬೇಕೆನಿಸುವುದು ಸಹಜ. ಅವನಾದರೋ ಇವನ್ನೇ ರೋಗದ ಚಿಹ್ನೆಗಳೆಂದು ಬಗೆದು ಇನ್ನಷ್ಟು ಹೆದರಿದನು. ಕೊನೆಗೆ ರಕ್ತ ಪರೀಕ್ಷಿಸಿ ರೋಗವಿಲ್ಲವೆಂದರೂ ಸಮಾಧಾನ ಎರಡು ದಿನ ನಿಲ್ಲಲಿಲ್ಲ; ಮತ್ತೆ ಶಂಕೆ, ಮತ್ತೆ ಪರೀಕ್ಷೆ. ಇದು ಆತಂಕವೆಂಬ ಬೇರೆಯೇ ಕಾಯಿಲೆ. ಇದಕ್ಕೆ ಇನ್ನೊಂದು ರಕ್ತಪರೀಕ್ಷೆ ಮದ್ದಲ್ಲ. ಮನೋವೈದ್ಯರ ಸಲಹೆ, ಬೇಕಾದರೆ ಅವರು ಕೊಡುವ ಮಾತ್ರೆ, ಇವೇ ಮದ್ದು. ಆ ಚಿಕಿತ್ಸೆಯಿಂದಲೇ ಅವನು ಮರಳಿ ತರಗತಿಗೆ ಬಂದನು.

ಹಾಗಾದರೆ ಮಾಡಬೇಕಾದುದೇನು? ಎಚ್‌ಐವಿ ತಗಲಿರಬಹುದೆಂಬ ಸಂದೇಹವಿದ್ದರೆ 72 ಗಂಟೆಗಳೊಳಗೆ ವೈದ್ಯರನ್ನು ಕಾಣಬೇಕು. ಸೋಂಕನ್ನು ತಡೆಯುವ ಮಾತ್ರೆಗಳುಂಟು. ಸೋಂಕು ಮರುದಿನವೇ ರಕ್ತದಲ್ಲಿ ಕಾಣದಾದ್ದರಿಂದ, ವೈದ್ಯರು ಗೊತ್ತುಮಾಡಿದ ದಿನ ಪರೀಕ್ಷೆ ಮಾಡಿಸಿ, ಅದರ ಉತ್ತರವನ್ನು ನಂಬಬೇಕು. ಸರಕಾರಿ ಆಸ್ಪತ್ರೆಗಳ ಆಪ್ತಸಮಾಲೋಚನಾ ಕೇಂದ್ರಗಳಲ್ಲಿ ಈ ಪರೀಕ್ಷೆ ಉಚಿತ. ಅದರ ಗುಟ್ಟನ್ನು ಕಾಪಾಡಬೇಕೆಂದು 2017ರ ಕಾಯಿದೆಯೇ ವಿಧಿಸಿದೆ. ಎಚ್‌ಐವಿಯ ವಿಚಾರಕ್ಕೆ 1097, ಮನಸ್ಸಿನ ಕಳವಳಕ್ಕೆ 2022ರಲ್ಲಿ ಆರಂಭವಾದ ಟೆಲಿ ಮಾನಸ್‌ನ 14416, ಈ ಸಂಖ್ಯೆಗಳಿಗೆ ಖರ್ಚಿಲ್ಲದೆ ದೂರವಾಣಿ ಮಾಡಬಹುದು.

ಕಡೆಯದಾಗಿ ಅಧ್ಯಾಪಕ ಮಹನೀಯರಲ್ಲಿ ಒಂದು ವಿಜ್ಞಾಪನೆ. ವಿದ್ಯಾರ್ಥಿಯೊಬ್ಬನು ಅಳುಕುತ್ತ ಬಂದು ಇಂಥ ಮಾತು ತೆಗೆದರೆ, ಶೀಲದ ಉಪದೇಶಕ್ಕೆ ಮೊದಲು ಆಸ್ಪತ್ರೆಯ ದಾರಿಯನ್ನು ತೋರಿಸಬೇಕು. ಉಪದೇಶಕ್ಕೆ ಮುಂದೆ ಸಮಯವಿದ್ದೇ ಇರುತ್ತದೆ.